ದೋಣಿ ನೋಡುವ ಶಾಸ್ತ್ರ

"ಈ ದೋಣಿಯವರ ಮನೆತನ ಹೇಗೆ?" ಎಂದು ರೇವಣಸಿದ್ದಯ್ಯ ಕೇಳಿದಾಗ ಮಗಳು ವಚನಾ ಕಂಪ್ಯೂಟರಿನಿಂದ ಕೈ ತೆಗೆದು ಹಣೆಗೆ ಇಟ್ಟುಕೊಂಡಳು.

"ಅಪ್ಪಾಜಿ, ನಾನು ಹೋಗ್ತಿರೋದು ಟೂರಿಗೆ. ಸೊಸೆಯಾಗಿ ಅಲ್ಲ."

ಬಸವೇಶ್ವರನಗರದ ಆ ಮನೆಯಲ್ಲಿ ಒಂದು ವಾರದಿಂದ ಇದೇ ವಿಚಾರಣೆ ನಡೆದಿತ್ತು. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ವಚನಾ ಹೋದ ವರ್ಷ ಗೆಳತಿಯರ ಜೊತೆ ಲಕ್ಷದ್ವೀಪಕ್ಕೆ ಹೋದವಳು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದನ್ನು ಕಲಿತು ಬಂದಿದ್ದಳು. ಅಂದಿನಿಂದ ಒಂದೇ ಜಪ. ದೋಣಿಯಲ್ಲೇ ಊಟ, ದೋಣಿಯಲ್ಲೇ ನಿದ್ದೆ, ಮಾಲ್ಡೀವ್ಸಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಸಾಗುತ್ತ ದಿನವೂ ನೀರಿಗಿಳಿಯುವ ಪ್ರವಾಸಕ್ಕೆ ಹೋಗಬೇಕು. ದಾವಣಗೆರೆಯ ಸಂಬಂಧ ಕೂಡಿಬಂದಾಗ ಅವಳು ಹಾಕಿದ ಷರತ್ತೂ ಅದೇ: ಮೊದಲು ಸಮುದ್ರ, ಆಮೇಲೆ ತಾಳಿ. ರೇವಣಸಿದ್ದಯ್ಯ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೂಂ ಎಂದು, ದೋಣಿಯನ್ನು ಆರಿಸುವುದು ಮಾತ್ರ ತಮ್ಮ ಕೆಲಸ ಎಂದಿದ್ದರು. ಸಹಕಾರ ಇಲಾಖೆಯಲ್ಲಿ ಆಡಿಟರಾಗಿ ನಿವೃತ್ತರಾದ ಜೀವ. ಬಾಗಿಲಿಗೆ ಬರುವ ಸೊಪ್ಪಿನವಳನ್ನೂ ಊರು ಕೇರಿ ಕೇಳದೆ ಬಿಟ್ಟವರಲ್ಲ.

ಮೊದಲನೆಯ ದೋಣಿ ಫೋಟೋದಲ್ಲೇ ಕೆಟ್ಟಿತು. ಡೆಕ್ಕಿನ ಮೇಲೆ ಬಿಳಿಯನೊಬ್ಬ ಬಿಯರ್ ಬಾಟಲಿ ಹಿಡಿದು ನಗುತ್ತಿದ್ದ. "ಹಗಲು ಹೊತ್ತಿನಲ್ಲೇ ಹೀಗೆ" ಎಂದು ಪ್ರಿಂಟನ್ನು ಮಡಚಿಟ್ಟರು. ಎರಡನೆಯದರ ನಕ್ಷೆ ನೋಡಿದರೆ ಅಡುಗೆಮನೆ ಈಶಾನ್ಯಕ್ಕೆ ಬಂದಿತ್ತು.

"ಅಪ್ಪಾಜಿ, ದೋಣಿ ತಿರುಗತ್ತೆ!"

ರೇವಣಸಿದ್ದಯ್ಯ ನಕ್ಷೆಯನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿದರು. "ನಾನೂ ಅದನ್ನೇ ಹೇಳ್ತಿರೋದಮ್ಮ. ನೆಲೆ ಇಲ್ಲದ ಮನೆ."

ಇದೇ ಮಹಾನುಭಾವರು ದಾವಣಗೆರೆಯ ಸಂಬಂಧವನ್ನು ಮಾತ್ರ ಮಠದ ದಾಸೋಹದಲ್ಲಿ, ಪಾಯಸಕ್ಕೂ ಮಜ್ಜಿಗೆಗೂ ನಡುವೆ ಕುದುರಿಸಿಕೊಂಡು ಬಂದಿದ್ದರು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಅದೇ ಮಠದ ಭಕ್ತರು, ಬಟ್ಟೆ ವ್ಯಾಪಾರಸ್ಥರು, ಮದುವೆಗೆ ಬಂದ ಮಗನಿದ್ದಾನೆ. ಇನ್ನು ಕೇಳುವುದೇನಿದೆ? ಹುಡುಗ ಒಂದು ದಿನ ಬಂದ. ಉಪ್ಪಿಟ್ಟು ಚೆನ್ನಾಗಿದೆ ಎಂದ. ವಚನಾ ಅವನ ಬಾಯಿಂದ ಕೇಳಿದ ಮಾತು ಅದೊಂದೇ. ಶ್ರಾವಣದಲ್ಲಿ ನಿಶ್ಚಿತಾರ್ಥ ಎಂದು ಹಿರಿಯರು ಎಲೆ ಅಡಿಕೆ ಬದಲಾಯಿಸಿಕೊಂಡರು.

ಮೂರನೆಯ ದೋಣಿಯ ಡೈವಿಂಗ್ ಮೇಸ್ಟ್ರು ಕಾರವಾರದವರು. ರಜೆಗೆ ಊರಿಗೆ ಬಂದಿದ್ದಾರೆಂದು ತಿಳಿದದ್ದೇ, ವಚನಾ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಅಪ್ಪನ ಮುಂದಿಟ್ಟಳು. ರೇವಣಸಿದ್ದಯ್ಯ ಗಂಟಲು ಸರಿಮಾಡಿಕೊಂಡರು. ಕುಡಿದವರನ್ನು ನೀರಿಗೆ ಬಿಡುತ್ತೀರೋ? ಆ ದಿನ ಬಿಡುವುದಿಲ್ಲ ಸಾರ್. ಹೆಣ್ಣುಮಕ್ಕಳಿಗೆ ಬೇರೆ ಕೋಣೆಯೋ? ಬೇರೆ ಸಾರ್, ಒಳಗಿನಿಂದ ಚಿಲಕ ಇದೆ. ಕೊರಳಲ್ಲಿ ಲಿಂಗದ ಕರಡಿಗೆ ಇರುತ್ತದಲ್ಲ? ಸೂಟಿನೊಳಗೆ ಭದ್ರವಾಗಿರುತ್ತೆ ಸಾರ್, ಎಲ್ಲೂ ಹೋಗಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕಮಲಾಕ್ಷಮ್ಮ "ಮೀನಿನ ಸೌಟು ಕೇಳ್ರೀ" ಎಂದು ಕೂಗಿದರು. ಸಸ್ಯಾಹಾರಕ್ಕೆ ಸೌಟೂ ಬೇರೆ, ಪಾತ್ರೆಯೂ ಬೇರೆ ಎಂದು ಮೇಸ್ಟ್ರು ಅದಕ್ಕೂ ಉತ್ತರ ಕೊಟ್ಟರು. ರೇವಣಸಿದ್ದಯ್ಯನವರ ಬತ್ತಳಿಕೆಯಲ್ಲಿ ಒಂದೇ ಬಾಣ ಉಳಿದಿತ್ತು. ಅದು ನಿಜವಾಗಿ ಅವರನ್ನು ರಾತ್ರಿ ನಿದ್ದೆಗೆಡಿಸಿದ್ದ ಪ್ರಶ್ನೆ.

"ಒಳಗೆ ಹೋದ್ಮೇಲೆ ಮಗೂಗೆ ಹೆದರಿಕೆ ಆದ್ರೆ?"

"ಹೆದರಿಕೆನೇ ಆಗ್ಬೇಕು ಅಂತಿಲ್ಲ ಸಾರ್. ಯಾಕೋ ಬೇಡ ಅನ್ನಿಸಿದ್ರೂ ಸಾಕು. ಕೈಸನ್ನೆ ಮಾಡಿದ್ರೆ ಜೊತೆಗಿದ್ದವರು ಮೇಲೆ ಕರ್ಕೊಂಡು ಬರಲೇಬೇಕು. ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ."

"ಇಳಿಯೋಕೆ ಮುಂಚೆನೇ ಬೇಡ ಅನ್ನಿಸಿದ್ರೆ?"

"ಇಳಿಯೋದೇ ಬೇಡ. ಎಲ್ಲಾ ಕಟ್ಕೊಂಡು, ಅಂಚಿಗೆ ಬಂದು ನಿಂತಿದ್ರೂ ಸರಿ, ವಾಪಸ್ ಬರಬಹುದು."

"ಮಿಕ್ಕವರೆಲ್ಲ ಕಾಯ್ತಾ ಇದ್ರೂ?"

"ಕಾದ್ರೆ ಕಾಯ್ಲಿ ಸಾರ್. ಜೀವ ಇಳಿಯೋರದ್ದಲ್ವಾ?"

ರೇವಣಸಿದ್ದಯ್ಯನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಫೋನಿಟ್ಟು ತೊಡೆ ತಟ್ಟಿಕೊಂಡರು. "ಕೇಳಿದ್ಯೇನೇ ಇವಳೇ? ನಿಯಮ ಅಂದ್ರೆ ಇದು! ಇಂಥ ಕಡೆ ಮಗಳನ್ನ ಕಣ್ಣು ಮುಚ್ಚಿ ಕಳಿಸಬಹುದು. ಬುಕ್ ಮಾಡಮ್ಮ, ಇನ್ನೇನು ನೋಡ್ತಾ ಕೂತಿದೀಯ?"

ವಚನಾ ಬುಕ್ ಮಾಡಲಿಲ್ಲ. ಕುರ್ಚಿಯನ್ನು ಅಪ್ಪನ ಕಡೆ ತಿರುಗಿಸಿಕೊಂಡಳು. ವಾರವಿಡೀ ನಗುತ್ತಿದ್ದವಳ ಮುಖದಲ್ಲಿ ಈಗ ನಗು ಇರಲಿಲ್ಲ.

"ಅಪ್ಪಾಜಿ, ದಾವಣಗೆರೆಗೂ ಈ ನಿಯಮ ಇದೆಯಾ?"

ರೇವಣಸಿದ್ದಯ್ಯ ದಾವಣಗೆರೆಯ ಹುಡುಗನ ಮುಖವನ್ನು ನೆನಪಿಸಿಕೊಳ್ಳಲು ನೋಡಿದರು. ಮೀಸೆ ಇತ್ತೋ ಇಲ್ಲವೋ ಎಂಬುದೂ ನೆನಪಾಗಲಿಲ್ಲ. ಮಠದ ಹೆಸರು ಹೇಳೋಣವೆಂದು ಹೊರಟವರು, ಮಗಳ ಕಣ್ಣು ನೋಡಿ ಹೆಂಡತಿಯ ಕಡೆ ತಿರುಗಿದರು.

ಕಮಲಾಕ್ಷಮ್ಮ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ನನ್ನ ಯಾಕೆ ನೋಡ್ತೀರಿ? ಹೇಳ್ರೀ, ಮಗಳು ಅಂಚಿಗೆ ಬಂದು ನಿಂತಿದಾಳೆ."