ಚೌತಿ ಸಂಜೆಯ ಬೈಗುಳ

"ಯಾರೂ ಮ್ಯಾಕೆ ನೋಡ್ಬ್ಯಾಡ್ರಿ" ಎಂದು ಮಂಚಮ್ಮ ಹೇಳಿದ್ದೇ ತಪ್ಪಾಯಿತು. ಜಗಲಿಯ ಮೇಲೆ ಕಥೆ ಕೇಳುತ್ತ ಕೂತಿದ್ದ ಬೀದಿಯ ಮಕ್ಕಳೆಲ್ಲ ಒಟ್ಟಿಗೇ ಕತ್ತೆತ್ತಿದವು. ತೆಂಗಿನ ಗರಿಗಳ ಸಂದಿಯಲ್ಲಿ ಚೌತಿಯ ಚಂದ್ರ ಕತ್ತರಿಸಿ ಬಿಸಾಡಿದ ಉಗುರಿನಂತೆ ಕಾಣುತ್ತಿದ್ದ. ಮೊಮ್ಮಗಳು ಚಿನ್ನು ತಾನು ನೋಡಿದ್ದು ಸಾಲದೆಂದು ಬೆರಳು ಮಾಡಿ ಬೇರೆಯವರಿಗೂ ತೋರಿಸಿದಳು. ಆ ಬೆರಳಿನ ಹಿಂದೆ ಮಂಚಮ್ಮನ ಕಣ್ಣೂ ಹೋಯಿತು.

ಅಲ್ಲಿಯವರೆಗೆ ಕಥೆ ಸೊಗಸಾಗಿ ಸಾಗಿತ್ತು. ಮಂಚಮ್ಮನ ಗಣಪತಿ ಕೈಲಾಸದವನಲ್ಲ, ಪಕ್ಕಾ ಈ ಕಡೆಯವನು. ನಾಗಮಂಗಲದಲ್ಲಿ ಮನೆಮನೆಗೂ ನುಗ್ಗಿ ಕಡುಬು ತಿಂದು, ಬಿಂಡಿಗನವಿಲೆಯ ರಸ್ತೆ ಹಿಡಿಯುವಷ್ಟರಲ್ಲಿ ಅವನನ್ನು ಹೊತ್ತ ಇಲಿಗೆ ಏದುಸಿರು. ಅಷ್ಟರಲ್ಲಿ ಹಾವೊಂದು ಅಡ್ಡ ಬಂತು, ಇಲಿ ಬೆದರಿತು, ಗಣಪತಿ ಬಿದ್ದು ಹೊಟ್ಟೆ ಒಡೆದು ಕಡುಬೆಲ್ಲ ರಸ್ತೆ ಪಾಲಾಯಿತು. ಅವನು ಬಿಟ್ಟಾನೆಯೇ? ಒಂದೂ ಬಿಡದೆ ಹೆಕ್ಕಿ ಒಳಗೆ ತುಂಬಿಕೊಂಡು, ಅದೇ ಹಾವನ್ನು ಹೊಟ್ಟೆಗೆ ಬಿಗಿದುಕೊಂಡ. ಮೇಲಿದ್ದ ಚಂದ್ರ ಕಿಸಕ್ಕನೆ ನಕ್ಕ. ಗಣಪತಿಗೆ ಎಲ್ಲಿತ್ತೋ ಸಿಟ್ಟು, ಇವತ್ತು ನಿನ್ನ ಮುಖ ನೋಡಿದವರಿಗೆಲ್ಲ ಕಳ್ಳತನದ ಅಪವಾದ ಬರಲಿ ಎಂದು ಶಾಪ ಕೊಟ್ಟೇಬಿಟ್ಟ.

ಚಿನ್ನು ಚಂದ್ರನನ್ನು ತೋರಿಸಿದ್ದ ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು. "ಅಜ್ಜೀ, ನಾಳೆ ಇಸ್ಕೂಲಲ್ಲಿ ಯಾರ್ದಾರಾ ರಬ್ಬರ್ ಕಳ್ದೋದ್ರೆ ನನ್ಮ್ಯಾಲೆ ಬತ್ತದಾ?"

"ಬತ್ತದೆ ಮತ್ತೆ! ಆ ಕಿಸ್ನಪ್ಪನ್ನೇ ಬುಡ್ಲಿಲ್ಲ, ನಿನ್ನ ಬುಟ್ಟದಾ?"

ಚಿನ್ನು ಹೋ ಎಂದು ಅತ್ತಳು. ಅವಳ ಹಿಂದೆ ಉಳಿದ ಮಕ್ಕಳೂ ರಾಗ ತೆಗೆದವು. ಕಥೆ ಇಷ್ಟು ಚೆನ್ನಾಗಿ ನಾಟಬಾರದಿತ್ತು ಎಂದು ಮಂಚಮ್ಮನಿಗೆ ಆಗ ಹೊಳೆಯಿತು. "ಅಳ್ಬ್ಯಾಡ್ರಿ, ಅದ್ಕೂ ದಾರಿ ಅದೆ. ಪಕ್ಕದ್ ಮನೆ ಮ್ಯಾಲೆ ಒಂದೊಂದ್ ಕಲ್ಲಾಕಿ ಬಯ್ಸ್ಕೊಂಡ್ ಬನ್ನಿ. ಬಯ್ಸ್ಕೊಂಡ್ರೆ ಅಪವಾದ ಅಲ್ಲಿಗೇ ತೀರೋಯ್ತದೆ" ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಪಕ್ಕದ ಮನೆ ಎಂದರೆ ಮಂಗಳಮ್ಮನದು. ಪ್ರತಿ ಹಬ್ಬಕ್ಕೂ ಇದೇ ಜಗಲಿಯಲ್ಲಿ ಕೂತು, ಮಂಚಮ್ಮನ ಕಥೆಗೆ ಹೆಜ್ಜೆಹೆಜ್ಜೆಗೂ "ಹೂಂ" ಅನ್ನುತ್ತಿದ್ದವಳು ಅವಳೇ. ಎರಡು ವರ್ಷದ ಹಿಂದೆ ಚೌತಿಯ ಮಾರನೆಯ ದಿನ ಮಂಚಮ್ಮನ ಕೋಳಿ ಕಾಣೆಯಾಯಿತು. ಪುಕ್ಕ ಮಂಗಳಮ್ಮನ ತಿಪ್ಪೆಯಲ್ಲಿ ಬಿದ್ದಿತ್ತೆಂದು ಮಂಚಮ್ಮ ಬೀದಿಯಲ್ಲೇ ರಂಪ ಮಾಡಿದಳು. ಅವತ್ತಿನಿಂದ ಮಾತಿಲ್ಲ. ಹೂಂಗುಟ್ಟುವವರಿಲ್ಲದ ಕಥೆ ಉಪ್ಪಿಲ್ಲದ ಸಾರಿನ ಹಾಗೆ ಸಪ್ಪೆಯಾಗಿತ್ತು. ಆದರೂ ತಾನಾಗಿ ಹೋಗಿ ಮಾತಾಡಿಸುವುದಕ್ಕೆ ಮಂಚಮ್ಮನಿಗೆ ಬಿಂಕ.

ಮಕ್ಕಳು ಆಗಲೇ ಓಡಿದ್ದವು. ಮಂಗಳಮ್ಮನ ಮನೆಯ ಶೀಟಿನ ಮೇಲೆ ದಡದಡ ಕಲ್ಲು ಬಿದ್ದವು. ಮಂಗಳಮ್ಮ ಹೊರಗೆ ಬಂದಳು. ಬೆಳ್ಳುಳ್ಳಿ ಸುಲಿಯುತ್ತ ಗೋಡೆಯಾಚೆಯಿಂದ ಕಥೆಯನ್ನೆಲ್ಲ ಕೇಳಿಸಿಕೊಂಡಿದ್ದವಳು ಅವಳು. ಬೈಯುವುದರಲ್ಲಿ ಊರಿಗೇ ಹೆಸರಾದ ಆ ಬಾಯಿ ಇನ್ನೇನು ತೆರೆಯಬೇಕು, ಕಣ್ಣು ಮಂಚಮ್ಮನ ಜಗಲಿಯ ಕಡೆ ಹೊರಳಿತು. ಬಾಯಿ ಮುಚ್ಚಿಕೊಂಡಿತು. ಒಳಗೆ ಹೋಗಿ ತಟ್ಟೆ ತಂದಳು.

"ಬನ್ನಿ ನನ್ ಕಂದಗಳಾ, ಎಳೇ ಕೈ ನೋಯ್ತವೆ. ಕಲ್ಲು ಬುಟ್ಟು ಕಡುಬು ತಿನ್ನಿ."

ಚಿನ್ನು ಬಾಯಿ ತುಂಬ ಕಡುಬು, ಕಣ್ಣು ತುಂಬ ನೀರು ತುಂಬಿಕೊಂಡು ವಾಪಸು ಬಂದಳು. "ಆಯಜ್ಜಿ ಬಯ್ಲೇ ಇಲ್ಲ ಕಣಜ್ಜೀ! ಮುತ್ತು ಕೊಟ್ಬುಡ್ತು!"

"ಬೇಕೂಂತ್ಲೇ ಮಾಡವ್ಳೆ!" ಮಂಚಮ್ಮನ ಮೈ ಉರಿಯಿತು. ತನ್ನ ಮೇಲಿನ ಹಗೆಗೆ ಹಸುಗೂಸು ಕಳ್ಳಿಯಾಗಬೇಕೇ? ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಳಕ್ಕಿಳಿದು, ಒಂದು ಕಲ್ಲು ಆರಿಸಿ ಬೀಸಿದಳು. ಗುರಿ ಶೀಟಿನ ಮೇಲಿತ್ತು, ವಯಸ್ಸಾದ ಕೈ ಸೋತಿತು. ಕಲ್ಲು ಮಂಗಳಮ್ಮನ ಕೋಳಿ ಮಂಕರಿಗೆ ಬಡಿಯಿತು. ಮಂಕರಿ ಉರುಳಿ ಕೋಳಿಗಳು ಕೊಕ್ಕೊಕ್ಕೋ ಎಂದು ದಿಕ್ಕಾಪಾಲಾದವು.

"ಯಾವಳೇ ಅವ್ಳು! ನಿನ್ ಕೈ ಸೇದೋಗಾ! ನಿನ್ ಕೋಳೀನ ನರಿ ಒತ್ಕಂಡೋದ್ರೆ ನನ್ ತಲೆಗೆ ಕಟ್ಟುದ್ಯಲ್ಲೇ, ಈಗ ನನ್ ಕೋಳಿ ಮ್ಯಾಲೂ ಕಣ್ಣಾಕಿದ್ದೀಯಾ?"

ಶುರುವಾಯಿತು. ಎರಡು ವರ್ಷ ಕಟ್ಟಿಟ್ಟಿದ್ದ ಬೈಗುಳ ಒಂದೇ ಉಸಿರಿನಲ್ಲಿ ಬರತೊಡಗಿತು. ಮಕ್ಕಳು ಚಪ್ಪಾಳೆ ತಟ್ಟಿ ಕುಣಿದವು. "ನಂಗೂ ಸೇರ್ಸಿ ಬಯ್ಯಜ್ಜೀ!" ಎಂದು ಚಿನ್ನು ಬೇಲಿಗೆ ಹೋಗಿ ಆತುಕೊಂಡಳು. "ನಿನ್ಗೂ ಸೇರ್ಸೇ ಕಣೇ ಮೂದೇವಿ!" ಎಂದಳು ಮಂಗಳಮ್ಮ. ಚಿನ್ನುವಿನ ಮುಖ ಅರಳಿತು.

ಮಂಚಮ್ಮ ಅಲ್ಲಾಡದೆ ನಿಂತಿದ್ದಳು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಆ ದನಿ ಕೇಳಿ ಎಷ್ಟು ಕಾಲವಾಗಿತ್ತು! ನಿಧಾನವಾಗಿ ಬೇಲಿಯ ಹತ್ತಿರಕ್ಕೆ ಬಂದಳು. "ಇನ್ನೊಸಿ ಬಯ್ಯಮ್ಮಿ. ನಾನೂ ಚಂದ್ರನ್ನ ನೋಡ್ಬುಟ್ಟಿವ್ನಿ" ಎಂದಳು.

ಮಂಗಳಮ್ಮ ಉಸಿರು ತೆಗೆದುಕೊಂಡಳು. ದನಿ ಇಳಿಯಿತು. "ಆ ವರ್ಸ ನಾನು ಚಂದ್ರನ್ನ ನೋಡೇ ಇರ್ನಿಲ್ಲ ಕಣಮ್ಮಿ. ಸುಮ್ಸುಮ್ಕೆ ಅಪವಾದ ಬಂತು."

ಮಂಚಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದಳು.

ಮಂಗಳಮ್ಮ ಅಂಗಳದ ನಡುವೆ ಬಂದು, ಕತ್ತೆತ್ತಿ, ತೆಂಗಿನ ಗರಿಗಳ ನಡುವಿನ ಚಂದ್ರನನ್ನು ಕಣ್ತುಂಬ ನೋಡಿದಳು. ಆಮೇಲೆ ಬಗ್ಗಿ ಒಂದು ಕಲ್ಲು ಹುಡುಕಿದಳು. ಅದು ಮಂಚಮ್ಮನ ಮನೆಯ ಶೀಟಿನ ಮೇಲೆ ದಡಾರನೆ ಬಿತ್ತು.

"ಹೂಂ" ಎಂದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು. "ಈಗ ನೀನು ಬಯ್ಯಿ."