ತೊಯ್ದ ಗೋಣಿಚೀಲ

ಚಂದ್ರನ ಮೇಲಿನ ಊರಿನಲ್ಲಿ ಯಾವುದಕ್ಕೂ ವಾಸನೆ ಇರಲಿಲ್ಲ. ಭೂಮಿಯ ನೆನಪಾದವರು ಅಲ್ಲಿನ ವಾಸನೆಯನ್ನು ಸೀಸೆಯಲ್ಲಿ ಕೊಳ್ಳುತ್ತಿದ್ದರು. ಆ ಸೀಸೆ ತುಂಬುವ ಕಾರ್ಖಾನೆಯಲ್ಲಿ ಕಣ್ಣು ಕಾಣದ ಈರಪ್ಪನಿಗೆ ಮೂಸಿ ನೋಡುವ ಕೆಲಸ. ಅದು ಕಾಯಂ ಆಗುವುದೋ ಇಲ್ಲವೋ ಇವತ್ತು ತೀರ್ಮಾನ. ಚಂದ್ರನಲ್ಲೇ ಹುಟ್ಟಿದ ಮೇಲ್ವಿಚಾರಕಿ ವಸುಧಾ, ಹುಬ್ಬಳ್ಳಿ ಹೂವಿನ ಮಾರ್ಕೆಟ್ಟಿನ ಸೀಸೆಯನ್ನು ಅವನ ಕೈಗಿಟ್ಟಳು.

"ಇದು ಬರೇ ಮಲ್ಲಿಗಿ ರೀ, ಮಾರ್ಕೆಟ್ ಅಲ್ಲ," ಎಂದ, ಇಪ್ಪತ್ತು ವರ್ಷ ಅಲ್ಲಿ ಹೂ ಕಟ್ಟಿದ್ದ ಈರಪ್ಪ. "ಹೂ ಬಾಡಬಾರದಂತ ನಮ್ಮವ್ವ ಬುಟ್ಟಿ ಮ್ಯಾಲೆ ತೊಯ್ಸಿದ ಗೋಣಿಚೀಲ ಹಾಕತಿದ್ಲು. ಅದು ಇಲ್ಲ ಇದರಾಗ."

ವಸುಧಾ ಆ ವಾಸನೆಯನ್ನೂ ಬೆರೆಸಿ ತಂದಳು. ಈರಪ್ಪ ಮೂಸಿದ; ಅವನ ಬೆರಳುಗಳು ಇಲ್ಲದ ದಾರಕ್ಕೆ ಗಂಟು ಹಾಕತೊಡಗಿದವು.

"ಸರಿಯಾಯ್ತಾ, ಈರಪ್ಪನವರೇ? ಕೆಲಸ ಕಾಯಂ ಅಂತ ಬರೀಲಾ?"

"ಬರೀರಿ. ಬಾಟ್ಲಿ ಮಾತ್ರ ಈಗ ಕಸ್ಗೋಬ್ಯಾಡ್ರಿ, ಅವ್ವ ಇನ್ನೂ ನೀರು ಚಿಮುಕಸಾಕತ್ತಾಳ."