ಖಾರವಿಲ್ಲದ ಬೇರು

"ಈ ಬೇರನ್ನ ಎಲ್ಲಿ ಅಗೆದೆ?" ಎಂದು ಪಕ್ಕದ ತಾಕಿನ ಈನಿಡ್ ಕೇಳಿದಾಗ ಗ್ಲೆಂಡಾಳಿಗೆ ಮೊದಲು ಹೆಮ್ಮೆಯೇ ಆಯಿತು. ಊರಿನವರು ತರಕಾರಿ ಬೆಳೆದುಕೊಳ್ಳಲೆಂದು ಪುರಸಭೆ ಬಾಡಿಗೆಗೆ ಕೊಡುವ ತಾಕುಗಳಲ್ಲಿ ಒಂದು ಅವಳ ಪಾಲಿಗೆ ಬಂದು ವಾರವಾಗಿತ್ತಷ್ಟೆ. ಅದೂ ಎಂಥ ತಾಕು! ಮೊದಲು ಅದನ್ನು ಹಿಡಿದಿದ್ದ ವಾಲ್ಟರ್ ಮುದುಕ ಸತ್ತ ಮೇಲೆ ಯಾರೂ ಕಾಲಿಡದ ಜಾಗ. ಮುಳ್ಳುಪೊದೆ, ಒಡೆದ ಗಾಜು, ತುಕ್ಕು ಹಿಡಿದ ಮಂಚದ ಸರಳು. ಯಾರ್ಕ್‌ಷೈರಿನ ಫೆಬ್ರವರಿ ಚಳಿಗೆ ನೆಲದ ಮೇಲೆ ಒಂದು ಹಸಿರೆಲೆಯೂ ಇರಲಿಲ್ಲ. ಅಂಥ ಮಣ್ಣಿನಿಂದ ಅವಳು ತಿನ್ನುವಂಥದ್ದೊಂದನ್ನು ಹೊರತೆಗೆದಿದ್ದಳು.

"ಶೆಡ್ಡಿನ ಪಕ್ಕದಲ್ಲೇ," ಎಂದಳು. "ಖಾರಬೇರು ತಾನೆ? ಈ ತಾಕಲ್ಲಿ ಎಲ್ಲಿ ಗುದ್ದಲಿ ಹಾಕಿದ್ರೂ ಅದೇ ಸಿಗೋದು ಅಂತ ಸಿರಿಲ್ ಹೇಳಿದ್ರು."

ಭಾನುವಾರದ ಅಡುಗೆಯನ್ನು ಗಂಡ ಕ್ಲಿಫರ್ಡ್‌ಗೆ ಒಪ್ಪಿಸಿ ನಿಧಾನವಾಗಿ ಹರಟೆ ಹೊಡೆಯಲು ಬಂದವಳು ಈನಿಡ್. ಈಗ ಕೈಗವಸು ಹಾಕಿಕೊಂಡು, ಗುಂಡಿಯ ಬದಿಯಲ್ಲಿ ಬಿದ್ದಿದ್ದ ಬೇರೊಂದನ್ನು ಎತ್ತಿ ಲಟಕ್ಕನೆ ಮುರಿದಳು.

"ದೂರದಿಂದ ಮೂಸಿ ನೋಡು."

"ಮಣ್ಣಿನ ವಾಸನೆ, ಅಷ್ಟೇ."

"ಖಾರಬೇರು ಮುರಿದ್ರೆ ಮೂಗು ಉರಿದುಹೋಗ್ಬೇಕು, ಕಣ್ಣಲ್ಲಿ ನೀರು ಸುರೀಬೇಕು. ಅದು ಇರೋದು ಅಗೋ ಆ ಬೇಲಿ ಹತ್ರ. ಶೆಡ್ಡಿನ ಪಕ್ಕ ವಾಲ್ಟರ್ ಹೆಂಡ್ತಿ ನೀಲಿ ಹೂವಿನ ಗಿಡ ಹಾಕಿದ್ಲು. ಇದು ವತ್ಸನಾಭಿ ಕಣೇ. ಅಪ್ಪಟ ವಿಷ. ಮೊದಲು ನಾಲಿಗೆ ಜುಮ್ ಅನ್ನುತ್ತೆ, ಆಮೇಲೆ ಎದೆಬಡಿತ ನಿಂತುಹೋಗುತ್ತೆ. ನೀನು ತಿಂದಿಲ್ಲ ತಾನೆ?"

"ನಾನು ತಿಂದಿಲ್ಲ." ಗ್ಲೆಂಡಾ ಸಿರಿಲ್‌ನ ಶೆಡ್ಡಿನತ್ತ ತಿರುಗಿದಳು. "ಸಿರಿಲ್‌ಗೆ ಕೊಟ್ಟೆ."

ಹೊಸದಾಗಿ ತಾಕು ಹಿಡಿದವರು ಮೊದಲು ಕೈಗೆ ಸಿಕ್ಕಿದ್ದನ್ನು ಪಕ್ಕದವರ ಶೆಡ್ಡಿನ ಬಾಗಿಲಿಗೆ ನೇತುಹಾಕುವುದು ಅಲ್ಲಿನ ರೂಢಿ. ಈಚೆ ಪಕ್ಕದ ಸಿರಿಲ್ ಮೊದಲ ದಿನದಿಂದಲೂ ಬೇಲಿಯಾಚೆ ನಿಂತು ಗೊಣಗಿದ್ದೇ ಗೊಣಗಿದ್ದು. ನಿನ್ನ ಕಳೆಯೆಲ್ಲ ನನ್ನ ಕ್ಯಾರೆಟ್ಟಿನ ಸಾಲಿಗೇ ಬರುತ್ತೆ, ನೀನೆಷ್ಟು ದಿನ ಇರ್ತೀಯೋ ನೋಡ್ತೀನಿ ಅಂತ. ಮುದುಕನ ಬಾಯಿ ಮುಚ್ಚಿಸಬೇಕೆಂದು ಅವಳು ದಪ್ಪ ದಪ್ಪ ಬೇರುಗಳನ್ನೇ ಆರಿಸಿ, ತಿಕ್ಕಿ ತೊಳೆದು, ಚೀಲದಲ್ಲಿ ಹಾಕಿ ನಿನ್ನೆ ಸಂಜೆ ಅವನ ಶೆಡ್ಡಿನ ಬಾಗಿಲಿಗೆ ತೂಗುಹಾಕಿ ಬಂದಿದ್ದಳು. ಇವತ್ತು ಭಾನುವಾರ. ಒಲೆಯಲ್ಲಿ ಬೆಂದ ದನದ ಮಾಂಸಕ್ಕೆ ಖಾರಬೇರಿನ ತುರಿ ನಂಚಿಕೊಳ್ಳದ ಮನೆ ಆ ಬೀದಿಗಳಲ್ಲಿ ಹುಡುಕಿದರೂ ಸಿಗದು.

ಇಬ್ಬರೂ ಓಡಿದರು. ಸಿರಿಲ್ ಮನೆಯಲ್ಲಿ ಫೋನಿಲ್ಲ, ಜೊತೆಗೆ ಯಾರೂ ಇಲ್ಲ. ಮೇಜಿನ ಮೇಲೆ ತಲೆಯಿಟ್ಟು ಬಿದ್ದಿದ್ದರೆ ನೋಡುವವರು ಯಾರು? ಬೇರು ತಿಕ್ಕಿದ ತನ್ನ ಬೆರಳ ತುದಿಯೂ ಜುಮುಗುಡುತ್ತಿದೆ ಎಂದು ಗ್ಲೆಂಡಾಳಿಗೆ ಅನ್ನಿಸಿತು. ಚಳಿಗೋ, ವಿಷಕ್ಕೋ ತಿಳಿಯಲಿಲ್ಲ. ದೇವರೇ, ಆ ಗೊಣಗುವ ಮುದುಕ ಇನ್ನೂ ಹತ್ತು ವರ್ಷ ಗೊಣಗಲಿ ಎಂದು ಬೇಡಿಕೊಳ್ಳುತ್ತ ಬಾಗಿಲು ಬಡಿದಳು. ಉತ್ತರವಿಲ್ಲ. ಒಳಗಿನಿಂದ ಬೆಂದ ಮಾಂಸದ ವಾಸನೆ ಮಾತ್ರ ಬರುತ್ತಿತ್ತು. ಎರಡೂ ಮುಷ್ಟಿಯಿಂದ ಬಡಿದಳು.

ಕೊನೆಗೂ ಬಾಗಿಲು ತೆರೆಯಿತು. ಕೊರಳಿಗೆ ಬಟ್ಟೆ ಸಿಕ್ಕಿಸಿಕೊಂಡು, ಬಾಯಲ್ಲಿ ಏನನ್ನೋ ಅಗಿಯುತ್ತ ಸಿರಿಲ್ ನಿಂತಿದ್ದ.

"ಏನ್ರಮ್ಮಾ, ಊಟದ ಹೊತ್ತಿಗೆ? ಬೀದಿಗೆ ಬೆಂಕಿ ಬಿತ್ತಾ?"

"ಆ ಬೇರು. ನಾನು ಕೊಟ್ಟ ಬೇರು. ತಿಂದ್ರಾ?"

"ಖಾರಬೇರಾ? ಅದು ನನ್ನ ಹೊಟ್ಟೆಗೆ ಆಗಿಬರಲ್ಲ ಕಣಮ್ಮ. ಡಾಕ್ಟರು ಬಿಡಿಸಿ ಎಷ್ಟೋ ಕಾಲ ಆಯ್ತು."

ಗ್ಲೆಂಡಾ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಹೋದ ಜೀವ ಬಂದಂತಾಗಿ ನಗುವೂ ಅಳುವೂ ಒಟ್ಟಿಗೇ ಬಂದವು. ಈನಿಡ್ ಗೋಡೆಗೆ ಒರಗಿ ಎದೆ ನೀವಿಕೊಂಡಳು.

"ಹಾಗಂತ ಪ್ರೀತಿಯಿಂದ ಕೊಟ್ಟಿದ್ದನ್ನ ಬಿಸಾಡ್ತೀನಾ?" ಸಿರಿಲ್ ತುತ್ತು ನುಂಗಿ ಬಾಯಿ ಒರೆಸಿಕೊಂಡ. "ಆಗಲೇ ಒಯ್ದು ಕ್ಲಿಫರ್ಡ್ ಕೈಗೇ ಕೊಟ್ಟೆ. ಅದನ್ನ ತುರೀತಾ ಆ ಮಹಾರಾಯ ಅಳೋದನ್ನ ನೋಡೋಕೇ ಒಂದು ಚೆಂದ. ಯಾಕೆ ಈನಿಡ್, ನಿನ್ನ ಗಂಡ ಹೇಳ್ಲಿಲ್ವಾ?"

ಈನಿಡ್ ಅಲ್ಲಿರಲಿಲ್ಲ. ಮಂಡಿನೋವಿದ್ದರೂ ಅವಳು ಆಗಲೇ ಬೀದಿಯ ತಿರುವಿನಲ್ಲಿದ್ದಳು. ಗ್ಲೆಂಡಾ ಎದ್ದು ಹಿಂದೆಯೇ ಓಡಿದಳು. ಓಡುತ್ತಿದ್ದಾಗಲೇ ಚರ್ಚಿನ ಗಂಟೆ ಒಂದು ಹೊಡೆಯಿತು. ಎಲ್ಲರ ಮನೆಯಲ್ಲೂ ತಟ್ಟೆ ಇಡುವ ಹೊತ್ತು ಅದು.

ಈನಿಡ್ ಮನೆಯ ಹಿತ್ತಿಲ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಕ್ಲಿಫರ್ಡ್ ತುರಿಯುವ ಮಣೆ ಹಿಡಿದು ನಿಂತಿದ್ದ. ಮುಂದಿನ ಬಟ್ಟಲಲ್ಲಿ ಬಿಳಿಯ ತುರಿ ಗುಡ್ಡೆಯಾಗಿತ್ತು. ಅವನ ಕಣ್ಣುಗಳು ಒಣಗಿಯೇ ಇದ್ದವು.

"ಸಿರಿಲ್‌ಗೆ ಹೇಳು, ಬೇರು ಬರೀ ಸಪ್ಪೆ ಅಂತ," ಎಂದ ಅವನು ಹೆಂಡತಿಯನ್ನು ನೋಡಿ ನಗುತ್ತ. "ಒಂದು ಚೂರು ಬಾಯಿಗೆ ಹಾಕ್ಕೊಂಡು ನೋಡ್ದೆ, ಖಾರವೇ ಇಲ್ಲ. ನಾಲಿಗೆ ಮಾತ್ರ ಯಾಕೋ ಜುಮ್ ಅಂತಿದೆ."